ಹನ್ನೆರಡು ಆಂಬ್ಯುಲೆನ್ಸ್‌ಗಳಿಗೆ ಹೊಸ ನಕ್ಷೆ

೨೦೧೯ರಲ್ಲಿ ನಾನು ನೈರೋಬಿಯ ಅಪ್ಪರ್ ಹಿಲ್‌ನಲ್ಲಿದ್ದ ಒಂದು ಖಾಸಗಿ ಆಂಬ್ಯುಲೆನ್ಸ್ ಸಂಸ್ಥೆಯಲ್ಲಿ ಐಟಿ ಮ್ಯಾನೇಜರ್ ಆಗಿದ್ದೆ. ಬೆಂಗಳೂರಿನ ಟೆಲಿಕಾಂ ಕಂಪನಿಗಳಲ್ಲಿ ಹದಿನಾಲ್ಕು ವರ್ಷ ದುಡಿದು, ಗಂಡನ ಬ್ಯಾಂಕಿನ ಪೋಸ್ಟಿಂಗ್ ಜೊತೆ ಇಲ್ಲಿಗೆ ಬಂದವಳು ನಾನು. ನಮ್ಮ ಬಳಿ ಹನ್ನೆರಡು ವಾಹನಗಳು, ಇಪ್ಪತ್ತಾರು ಚಾಲಕರು, ಮೂರನೆಯ ಮಹಡಿಯಲ್ಲಿ ಒಂದು ಕಂಟ್ರೋಲ್ ರೂಮ್ ಇದ್ದವು. ಆ ರೂಮಿನ ಯಜಮಾನಿಕೆ ವಂಬುಯಿ ಎಂಬ ಹೆಣ್ಣುಮಗಳದು. ಕರೆ ಬಂದ ಕೂಡಲೇ ಯಾವ ಗಾಡಿ ಎಲ್ಲಿಗೆ ಹೋಗಬೇಕೆಂದು ರೇಡಿಯೋದಲ್ಲಿ ಹೇಳುವುದು ಅವಳ ಕೆಲಸ.

ಪ್ರತಿ ಆಂಬ್ಯುಲೆನ್ಸಿನ ಡ್ಯಾಶ್‌ಬೋರ್ಡಿನಲ್ಲೂ ಅಂಗೈಯಗಲದ ಒಂದು ಜಿಪಿಎಸ್ ಸಾಧನ ಇತ್ತು. ಮೊಬೈಲ್ ಸಾಲದೇ ಎಂದು ಅನೇಕರು ಕೇಳುತ್ತಾರೆ. ಮೊಬೈಲಿನ ನಕ್ಷೆಗೆ ನೆಟ್‌ವರ್ಕ್ ಬೇಕು, ನಮಗೆ ನೆಟ್‌ವರ್ಕ್ ಇಲ್ಲದ ಕಡೆಯೂ ದಾರಿ ಕಾಣಬೇಕಿತ್ತು. ಇನ್ನೊಂದು ವಿಷಯವೂ ಬಹಳ ಜನರಿಗೆ ಗೊತ್ತಿರುವುದಿಲ್ಲ. ಉಪಗ್ರಹದ ಸಿಗ್ನಲ್‌ನಿಂದ ನಾವು ಭೂಮಿಯ ಯಾವ ಬಿಂದುವಿನಲ್ಲಿ ನಿಂತಿದ್ದೇವೆ ಎನ್ನುವುದಷ್ಟೇ ತಿಳಿಯುತ್ತದೆ. ಆ ಬಿಂದುವಿನ ಸುತ್ತ ಯಾವ ರಸ್ತೆ, ಯಾವ ತಿರುವು ಎಂದು ತೋರಿಸುವ ನಕ್ಷೆಯನ್ನು ಬೇರೆಯಾಗಿ ಕೊಂಡು ಸಾಧನದೊಳಗೆ ಹಾಕಬೇಕು. ನಮ್ಮ ಸಾಧನಗಳಲ್ಲಿದ್ದದ್ದು ಆರು ವರ್ಷ ಹಳೆಯ ನಕ್ಷೆ. ನೈರೋಬಿಯೋ, ಆರು ತಿಂಗಳು ಬಿಟ್ಟು ನೋಡಿದರೆ ಗುರುತು ಸಿಗದ ಊರು. ಹೊಸ ಬೈಪಾಸ್‌ನ ಮೇಲೆ ಗಾಡಿ ಓಡುವಾಗ ಪರದೆಯ ಮೇಲಿನ ಪುಟ್ಟ ಬಾಣ ಖಾಲಿ ಹಸಿರಿನಲ್ಲಿ ತೇಲುತ್ತಿತ್ತು. ಹೊಸ ನಕ್ಷೆ ತರುವ ಜವಾಬ್ದಾರಿ ನನ್ನ ಪಾಲಿಗೆ ಬಂತು.

ಮೂವರು ಮಾರಾಟಗಾರರನ್ನು ಕಂಡೆ. ಒಬ್ಬರ ನಕ್ಷೆಯಲ್ಲಿ ಮುಖ್ಯರಸ್ತೆಗಳಷ್ಟೇ ಇದ್ದವು. ಇನ್ನೊಬ್ಬರದು ಯಾರದೋ ನಕ್ಷೆಯ ನಕಲು. ಮೂರನೆಯವರದು ಅಧಿಕೃತ ಲೈಸೆನ್ಸ್ ಇದ್ದ, ತಿರುವು ತಿರುವಿಗೂ ದಾರಿ ಹೇಳುವ ನಕ್ಷೆ. ನಾನು ಜಾಗ್ರತೆಯವಳೆಂಬ ಹೆಮ್ಮೆ ನನಗಿತ್ತು, ಪರೀಕ್ಷಿಸದೆ ಒಪ್ಪಲಿಲ್ಲ. ಒಂದು ಭಾನುವಾರ ಗಂಡ ಶ್ರೀಧರನನ್ನು ಕಾರು ಓಡಿಸಲು ಕೂರಿಸಿಕೊಂಡು, ನಾನು ಸಾಧನವನ್ನು ಮಡಿಲಲ್ಲಿಟ್ಟುಕೊಂಡು ಇಪ್ಪತ್ತು ವಿಳಾಸಗಳಿಗೆ ಹೋಗಿ ಬಂದೆ. ಇಪ್ಪತ್ತೂ ಸರಿಯಾಗಿದ್ದವು. ಆ ಇಪ್ಪತ್ತೂ ನಾನು ಬಲ್ಲ, ನನ್ನಂಥವರು ವಾಸಿಸುವ, ಗೇಟಿನ ಮೇಲೆ ನಂಬರು ಬರೆದಿರುವ ಜಾಗಗಳೆಂದು ಆಗ ಹೊಳೆಯಲಿಲ್ಲ.

ಇನ್‌ಸ್ಟಾಲ್ ಮಾಡಲು ಒಂದು ಶನಿವಾರವನ್ನು ಗೊತ್ತು ಮಾಡಿದೆವು. ಗಾಡಿಗಳು ಒಂದೊಂದಾಗಿ ಅಂಗಳಕ್ಕೆ ಬರುತ್ತಿದ್ದವು. ಸಾಧನವನ್ನು ಲ್ಯಾಪ್‌ಟಾಪಿಗೆ ಜೋಡಿಸುವುದು, ಅದರ ಸೀರಿಯಲ್ ನಂಬರಿಗೆ ಮಾತ್ರ ಹೊಂದುವ ಅನ್‌ಲಾಕ್ ಕೋಡ್ ಕೊಡುವುದು, ನಕ್ಷೆ ತುಂಬುವುದು. ಒಂದಕ್ಕೆ ನಲವತ್ತು ನಿಮಿಷ ಹಿಡಿಯಿತು. ಸಾಧನದ ಒಳಗಿನ ಮೆಮೊರಿ ಕೇವಲ ನಾಲ್ಕು ಜಿಬಿ. ಮೊದಲನೆಯದರಲ್ಲಿಯೇ ನಕ್ಷೆ ಅರ್ಧಕ್ಕೆ ನಿಂತಿತು. ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬುವುದೇ ಸುಲಭವೆಂದು ತೀರ್ಮಾನಿಸಿದೆ. ಆಗ ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು: ಬಳಕೆದಾರರು ಉಳಿಸಿದ ಸ್ಥಳಗಳನ್ನು ಇಟ್ಟುಕೊಳ್ಳಬೇಕೇ?

ಫೋಲ್ಡರ್ ತೆರೆದು ನೋಡಿದೆ, ನೋಡದೆ ಮಾಡಿದೆ ಎನ್ನುವಂತಿಲ್ಲ. 'ಕಿಯೋ', 'ಮ್ಬ್ವಾ', 'ನ್ಯುಮಾ', 'ಮ್ಬ್ವಾ ೨' ಎಂದು ಒಂದು ಉದ್ದ ಪಟ್ಟಿ ಇತ್ತು. ನನಗೆ ಬರುತ್ತಿದ್ದ ಸ್ವಾಹಿಲಿ ತರಕಾರಿ ಅಂಗಡಿಗೆ, ಮಟಾಟು ಎಂಬ ಬಾಡಿಗೆ ವ್ಯಾನು ಹತ್ತಲು ಸಾಕಾಗುವಷ್ಟು. ಯಾರೋ ಹೊತ್ತು ಹೋಗದೆ ಒತ್ತಿದ ಕಸವೆಂದುಕೊಂಡೆ. 'ಬೇಡ' ಎಂದು ಒತ್ತಿದೆ. ಹನ್ನೆರಡು ಸಾಧನಗಳಲ್ಲಿ, ಹನ್ನೆರಡು ಸಲ.

ಸಂಜೆಯ ಹೊತ್ತಿಗೆ ಎಲ್ಲ ಪರದೆಗಳೂ ಹೊಸ ಊರನ್ನು ತೋರಿಸುತ್ತಿದ್ದವು. ಚಾಲಕರು ಖುಷಿಯಾದರು. ಸ್ವಾಹಿಲಿಯಲ್ಲಿ ನಕ್ಷೆಗೆ 'ರಮಾನಿ' ಎನ್ನುತ್ತಾರೆ, ನನ್ನನ್ನು 'ಮಾಮಾ ರಮಾನಿ', ಅಂದರೆ ನಕ್ಷೆಯಮ್ಮ, ಎಂದು ಕರೆಯತೊಡಗಿದರು. ಮನೆಯಲ್ಲಿ ಹೇಳಿದಾಗ ಶ್ರೀಧರ ನಕ್ಕು, "ಇಪ್ಪತ್ತು ವರ್ಷದಲ್ಲಿ ನಾನು ಒಂದ್ಸಲನೂ ರಮಣಿ ಅಂದಿಲ್ಲ, ನಿಮ್ಮ ಡ್ರೈವರ್‌ಗಳು ಅಂದ್ಬಿಟ್ರಲ್ಲ!" ಎಂದ.

ಖುಷಿಯಾಗದೆ ಉಳಿದವನು ಒಬ್ಬನೇ, ಒಟಿಯೆನೊ. ಐವತ್ತು ದಾಟಿದ, ಮೊದಲು ಮಟಾಟು ಓಡಿಸಿ ಆಮೇಲೆ ಹದಿನಾರು ವರ್ಷ ಆಂಬ್ಯುಲೆನ್ಸ್ ಓಡಿಸಿದ ಚಾಲಕ. ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತ.

"ಮೇಡಂ, ನನ್ನ ಜಾಗಗಳು ಎಲ್ಲಿ?"

"ಹೊಸ ನಕ್ಷೆಯಲ್ಲಿ ಎಲ್ಲ ರಸ್ತೆನೂ ಇದೆ ಒಟಿಯೆನೊ. ಇನ್ನು ಅವು ಬೇಕಾಗಲ್ಲ."

ಅವನು ಟೋಪಿಯನ್ನು ತಲೆಗಿಟ್ಟುಕೊಂಡ. "ಸಾವಾ," ಎಂದು ಹೊರಟ. ಸರಿ ಎಂಬ ಅರ್ಥದ ಆ ಪದವನ್ನು ಅವನು ಸರಿ ಎಂಬ ಅರ್ಥದಲ್ಲಿ ಹೇಳಲಿಲ್ಲ. ನನಗದು ಗೊತ್ತಾಯಿತು, ಆದರೂ ಮೇಲ್ ಓದುವುದನ್ನು ಮುಂದುವರಿಸಿದೆ.

ಎರಡನೆಯ ವಾರದ ಮಂಗಳವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಪಂಗಾನಿ ಬಡಾವಣೆಯಿಂದ ಕರೆ ಬಂತು. ಮಾತಾಡಿದವರು ಒಬ್ಬ ಅಜ್ಜಿ. ಎಂಟು ವರ್ಷದ ಮೊಮ್ಮಗಳಿಗೆ ಆಸ್ತಮಾ ಕೆರಳಿದೆ, ಇನ್‌ಹೇಲರ್ ಕೆಲಸ ಮಾಡುತ್ತಿಲ್ಲ, ತುಟಿ ಬಣ್ಣ ತಿರುಗುತ್ತಿದೆ. ನಮ್ಮ ಗಾಡಿ ಅದಕ್ಕೂ ಮೊದಲು ಮೂರು ಸಲ ಆ ಮಗುವನ್ನು ಆಸ್ಪತ್ರೆಗೆ ಒಯ್ದಿತ್ತು. ಮೂರು ಸಲವೂ ಹೋದವನು ಒಟಿಯೆನೊ. ಅಂದು ಅವನು ಮುಥೈಗಾದ ಒಂದು ಮನೆಯಲ್ಲಿ ಸೊಂಟ ಮುರಿದುಕೊಂಡ ವೃದ್ಧೆಯನ್ನು ಸ್ಟ್ರೆಚರಿಗೆ ಏರಿಸುತ್ತಿದ್ದ. ವಂಬುಯಿ ಹತ್ತಿರದಲ್ಲಿದ್ದ ಮುಟುವಾನನ್ನು ಕಳಿಸಿದಳು. ಮುಟುವಾ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು, ಪಂಗಾನಿ ಅವನಿಗೆ ಹೊಸದು. ರಸ್ತೆಯ ಹೆಸರನ್ನು ಸಾಧನದಲ್ಲಿ ಒತ್ತಿ ಹೊರಟ.

ಬೇರೇನೋ ಕೆಲಸಕ್ಕೆ ನಾನು ಕಂಟ್ರೋಲ್ ರೂಮಿನಲ್ಲಿದ್ದೆ. ಏಳು ನಿಮಿಷಕ್ಕೆ ಮುಟುವಾನ ದನಿ ಕೇಳಿತು.

"ತಲುಪಿದೆ ಅಂತಿದೆ ಮಷೀನು. ಇಲ್ಲಿ ಟೈರ್ ಅಂಗಡಿ ಬಿಟ್ರೆ ಏನೂ ಇಲ್ಲ."

ಆದದ್ದಿಷ್ಟು. ಹಿಂದೆ ಹೆದ್ದಾರಿ ಅಗಲಿಸಿದಾಗ ಆ ಸಣ್ಣ ರಸ್ತೆ ಎರಡು ತುಂಡಾಗಿತ್ತು. ಎರಡು ಕಡೆಗೂ ಹೆಸರು ಅದೇ ಉಳಿದಿತ್ತು. ಮನೆಗಳಿಗೆ ನಂಬರಿಲ್ಲದ ಕಾರಣ ನಕ್ಷೆ ಗಾಡಿಯನ್ನು ಒಂದು ತುಂಡಿನ ನಡುಮಧ್ಯಕ್ಕೆ ಒಯ್ದು ನಿಲ್ಲಿಸಿತ್ತು. ಮಗು ಇದ್ದದ್ದು ಇನ್ನೊಂದು ತುಂಡಿನಲ್ಲಿ. ವಂಬುಯಿ ಅಜ್ಜಿಗೆ ಮತ್ತೆ ಫೋನ್ ಮಾಡಿದಳು. ಆಕೆ ಮಗುವನ್ನು ಹಿಡಿದುಕೊಳ್ಳಲು ಫೋನನ್ನು ಕೆಳಗಿಟ್ಟಿದ್ದರೋ ಏನೋ, ರಿಂಗ್ ಆಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

ಅಷ್ಟರಲ್ಲಿ ರೇಡಿಯೋದಲ್ಲಿ ಇನ್ನೊಂದು ದನಿ ಬಂತು, ಮುಥೈಗಾದಿಂದ.

"ಮುಟುವಾ, ನಾನು ಒಟಿಯೆನೊ. ನೀನು ಹೆದ್ದಾರಿಯ ತಪ್ಪು ಕಡೆ ಇದ್ದೀಯ. ಗಾಡಿ ತಿರುಗಿಸು. ಮೇಲ್ಸೇತುವೆ ಕೆಳಗಿಂದ ಆಚೆ ಕಡೆ ಹೋಗು."

"ಮಷೀನು ಬಲಕ್ಕೆ ಹೋಗು ಅಂತಿದೆ."

"ಮಷೀನು ಆರಿಸು. ನನ್ನ ಮಾತು ಕೇಳು. ಸೇತುವೆ ದಾಟಿದ್ಯಾ? ಕುಶೋಟೊ, ಎಡಕ್ಕೆ. ಜೋಳ ಸುಡೋ ಹೆಂಗಸು ಕೂತಿರ್ತಾಳೆ, ಅವಳನ್ನ ದಾಟು. ಟೈಲರ್ ಅಂಗಡಿ, ನೀಲಿ ಬಾಗಿಲು. ಕಾಣಿಸ್ತಾ?"

"ಕಾಣಿಸ್ತು."

"ಅದರ ಪಕ್ಕದಲ್ಲಿ ಒಂದು ಸಂದಿ. ಗಾಡಿ ಹಿಡಿಸಲ್ಲ ಅನ್ಸುತ್ತೆ. ಹಿಡಿಸುತ್ತೆ. ಕನ್ನಡಿ ಎರಡೂ ಮಡಚಿಕೋ, ನೇರ ನುಗ್ಗು. ಕೊನೆ ಮನೆ."

ಮುಂದಿನ ಮೂರು ನಿಮಿಷ ರೇಡಿಯೋದಲ್ಲಿ ಬರೀ ಗರಗರ ಸದ್ದು. ವಂಬುಯಿ ಪೆನ್ನು ಹಿಡಿದ ಕೈಯನ್ನು ಅಲುಗಿಸಲಿಲ್ಲ. ಆಮೇಲೆ ಮುಟುವಾ ಹೇಳಿದ: "ಮಗು ಗಾಡಿಯೊಳಗಿದೆ. ನಮ್ಮ ನರ್ಸ್ ಆಕ್ಸಿಜನ್ ಕೊಟ್ಟಿದ್ದಾರೆ. ಹೊರಟೆವು."

ಒಂಬತ್ತು ನಿಮಿಷ ತಡವಾಗಿತ್ತು. ಮಧ್ಯಾಹ್ನ ಆಸ್ಪತ್ರೆಯಿಂದ ಸುದ್ದಿ ಬಂತು. ಹುಡುಗಿ ಸುಧಾರಿಸಿಕೊಂಡಿದ್ದಾಳೆ, ಎದ್ದು ಕೂತು ಚಪಾತಿ ಕೇಳುತ್ತಿದ್ದಾಳೆ. ಕಂಟ್ರೋಲ್ ರೂಮಿನಲ್ಲಿ ಎಲ್ಲರೂ ನಕ್ಕರು. ನಾನು ಪಡಸಾಲೆಗೆ ಹೋಗಿ ಕಿಟಕಿಯ ಹತ್ತಿರ ಬಹಳ ಹೊತ್ತು ನಿಂತೆ.

ಒಟಿಯೆನೊ ವಾಪಸಾದ ಮೇಲೆ ಅಂಗಳಕ್ಕೆ ಇಳಿದು ಕೇಳಿದೆ. "'ಕಿಯೋ' ಅಂದರೆ ಏನು?"

"ಕನ್ನಡಿ, ಮೇಡಂ. ಆ ಹುಡುಗಿ ಮನೆಗೆ ನಾನಿಟ್ಟ ಹೆಸರು. ಕನ್ನಡಿ ಮಡಚಬೇಕು ಅಂತ ನೆನಪಾಗ್ಲಿ ಅಂತ. ಇವತ್ತು ಮುಟುವಾ ಓಡಿಸಿದ ಗಾಡಿಯಲ್ಲೂ ಅದಿತ್ತು."

ಮ್ಬ್ವಾ ಎಂದರೆ ನಾಯಿ. ಗೇಟಿನಲ್ಲಿ ನಾಯಿ ಬಿಟ್ಟಿರುತ್ತಾರೆ, ಇಳಿಯುವ ಮೊದಲು ಹಾರ್ನ್ ಮಾಡಬೇಕು. ನ್ಯುಮಾ ಎಂದರೆ ಹಿಂದೆ. ಮುಂಬಾಗಿಲಲ್ಲಿ ಮೆಟ್ಟಿಲಿದೆ, ಸ್ಟ್ರೆಚರ್ ಹೋಗುವುದಿಲ್ಲ, ಹಿತ್ತಲಿಂದ ಬರಬೇಕು. ಒಟಿಯೆನೊನೂ ಉಳಿದ ಹಿರಿಯ ಚಾಲಕರೂ ಆರು ವರ್ಷಗಳಲ್ಲಿ, ಒಂದೊಂದು ರೋಗಿಯ ಬಾಗಿಲಿನಲ್ಲಿ ನಿಂತು ಒಂದೊಂದು ಬಿಂದುವಾಗಿ ಉಳಿಸಿಟ್ಟ ಜಾಗಗಳು ಅವು. ಚಿಕ್ಕ ಪರದೆಯಲ್ಲಿ ಉದ್ದ ಹೆಸರು ಕಾಣುವುದಿಲ್ಲವೆಂದು ಒಂದೇ ಪದ ಇಡುತ್ತಿದ್ದರಂತೆ.

ಅಂದು ಸಂಜೆ ಚಹಾ ಕುಡಿಯುತ್ತ ಶ್ರೀಧರನಿಗೆ ಹೇಳಿದೆ. ಅವನೂ ಬ್ಯಾಂಕಿನ ಐಟಿ ವಿಭಾಗದವನೇ, ಮೊದಲು ಕೇಳಿದ್ದು, "ಬ್ಯಾಕಪ್ ತಗೊಂಡಿರ್ಲಿಲ್ವಾ?"

"ಇಲ್ಲ."

"ಬೆಂಗ್ಳೂರಲ್ಲಿ ಊರಿಗೆಲ್ಲ ಬ್ಯಾಕಪ್ ಪಾಠ ಹೇಳ್ತಿದ್ದೆಯಲ್ಲೇ ನೀನು!"

"ಅದು ಕಸ ಅಂದ್ಕೊಂಡೆ ಕಣೋ. ಕಸಕ್ಕೆ ಯಾರು ಬ್ಯಾಕಪ್ ತಗೋತಾರೆ?"

ಹೇಳಿಬಿಟ್ಟ ಮೇಲೆ ನನಗೇ ನನ್ನ ತಪ್ಪು ಯಾವುದೆಂದು ನಿಚ್ಚಳವಾಯಿತು. ತಾಂತ್ರಿಕ ತಪ್ಪಾಗಿದ್ದರೆ ಸಂಕಟ ಕಡಿಮೆಯಿರುತ್ತಿತ್ತು.

ಮರುದಿನ ಬೆಳಗಿನ ಪಾಳಿ ಬದಲಾಗುವಾಗ ಚಾಲಕರೆಲ್ಲರ ಮುಂದೆ ನಿಂತು, ಅವರ ಜಾಗಗಳನ್ನು ಅಳಿಸಿದವಳು ನಾನೇ, ಯಾರನ್ನೂ ಕೇಳದೆ ಅಳಿಸಿದೆ ಎಂದು ಹೇಳಿದೆ. ನಿರ್ದೇಶಕರಿಗೂ ಬರೆದು ಕೊಟ್ಟೆ. ಚಾಲಕರು ಗದ್ದಲ ಮಾಡಲಿಲ್ಲ. ಒಟಿಯೆನೊ ಮಾತ್ರ ಕೇಳಿದ: "ಈಗ ಏನು ಮಾಡೋಣ, ಮಾಮಾ ರಮಾನಿ?"

ಆ 'ಮಾಡೋಣ' ನನ್ನನ್ನು ಬದುಕಿಸಿತು.

ಮುಂದಿನ ಏಳು ವಾರ ದಿನವೂ ಮಧ್ಯಾಹ್ನ ಎರಡು ಗಂಟೆ ಕಾಲ ನಾನು ಯಾವುದಾದರೊಂದು ಗಾಡಿಯ ಮುಂದಿನ ಸೀಟಿನಲ್ಲಿದ್ದೆ. ಹೆಚ್ಚಾಗಿ ಒಟಿಯೆನೊನ ಪಕ್ಕದಲ್ಲಿ. ಅವನು ನೆನಪಿನಿಂದ ಒಯ್ದು ನಿಲ್ಲಿಸುತ್ತಿದ್ದ, ನಾನು ಬಿಂದು ಗುರುತಿಸಿ, ಅವನು ಹೇಳಿದ ಪದವನ್ನೇ ಬರೆದುಕೊಳ್ಳುತ್ತಿದ್ದೆ. ಹಳೆಯ ರೋಗಿಗಳ ಮನೆಯವರು ಆಂಬ್ಯುಲೆನ್ಸ್ ಕಂಡು ಗಾಬರಿಯಾಗಿ ಓಡಿ ಬರುತ್ತಿದ್ದರು. "ಯಾರಿಗೂ ಏನೂ ಆಗಿಲ್ಲ, ಮೇಡಂಗೆ ನಿಮ್ಮ ಮನೆ ತೋರಿಸೋಕೆ ಬಂದೆ," ಎನ್ನುತ್ತಿದ್ದ ಒಟಿಯೆನೊ. ಆಮೇಲೆ ಅವರು ಚಹಾ ಕುಡಿಸದೆ ಬಿಡುತ್ತಿರಲಿಲ್ಲ. ನಾಲ್ಕು ವರ್ಷ ನೈರೋಬಿಯಲ್ಲಿದ್ದ ನಾನು ಆ ಏಳು ವಾರಗಳಲ್ಲಿ ಊರನ್ನು ಕಂಡೆ. ಮುನ್ನೂರ ಹನ್ನೆರಡು ಜಾಗಗಳು ಒಟ್ಟಾದವು. ಈ ಸಲ ಅವು ಒಬ್ಬೊಬ್ಬರ ಗಾಡಿಯಲ್ಲಷ್ಟೇ ಉಳಿಯಲಿಲ್ಲ. ಹನ್ನೆರಡು ಸಾಧನಗಳಿಗೂ ತುಂಬಿದೆ, ಕಂಟ್ರೋಲ್ ರೂಮಿನ ಕಂಪ್ಯೂಟರಿನಲ್ಲೂ ಇಟ್ಟೆ. ಮುಟುವಾ ಹೊಸ ಗಲ್ಲಿಗೆ ಹೋದರೂ ಕನ್ನಡಿ ಮಡಚಬೇಕೋ ಬೇಡವೋ ಅವನಿಗೆ ಮೊದಲೇ ಗೊತ್ತಾಗುತ್ತಿತ್ತು. ಕೊಂಡು ತಂದ ನಕ್ಷೆಯೂ ಕೆಟ್ಟದ್ದಾಗಿರಲಿಲ್ಲ. ಗಲ್ಲಿಯ ಬಾಯಿಯವರೆಗೆ ಅದು ಚೆನ್ನಾಗಿಯೇ ಕರೆದೊಯ್ಯುತ್ತಿತ್ತು. ಅಲ್ಲಿಂದ ಮನೆ ಬಾಗಿಲಿನವರೆಗೆ ಚಾಲಕರ ನಕ್ಷೆ.

ಮುಂದಿನ ವರ್ಷ ನಕ್ಷೆಯ ಹೊಸ ಆವೃತ್ತಿ ಬಂದಾಗ, ಎಲ್ಲವನ್ನೂ ಎರಡು ಕಡೆ ನಕಲು ಮಾಡಿಟ್ಟು, ಪಟ್ಟಿಯನ್ನು ಅಚ್ಚು ಹಾಕಿಸಿ ಚಾಲಕರ ಕೈಗೆ ಕೊಟ್ಟೆ. ತೆಗೆಯಬೇಕಾದದ್ದು ಇದ್ದರೆ ನೀವೇ ಹೇಳಿ ಎಂದೆ. ಒಟಿಯೆನೊ ಅಂಗಳದ ಬೆಂಚಿನ ಮೇಲೆ ಅರ್ಧ ಗಂಟೆ ಕೂತು, ಪೆನ್ಸಿಲಿನಿಂದ ಏಳು ಹೆಸರುಗಳ ಮೇಲೆ ಗೆರೆ ಎಳೆದು ತಂದ. ಪ್ರತಿಯೊಂದಕ್ಕೂ ಕಾರಣ ಹೇಳಿದ. ಮೂರು ಮನೆಯವರು ಊರು ಬಿಟ್ಟಿದ್ದಾರೆ. ಇಬ್ಬರು ತೀರಿಕೊಂಡರು. ಕೊನೆಯ ಎರಡರ ಮೇಲೆ ಬೆರಳಿಟ್ಟಾಗ ಅವನ ಮುಖ ಅರಳಿತು.

"ಇವರಿಬ್ಬರಿಗೂ ವಾಸಿಯಾಯ್ತು, ಮೇಡಂ. ಇನ್ನು ನಾವು ಬೇಕಾಗಲ್ಲ."

ಯಾವುದನ್ನು ಅಳಿಸಬಹುದೆಂದು ಹೇಳಬೇಕಾದವರು ಅದನ್ನು ಬರೆದವರು ಎನ್ನುವುದನ್ನು ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟು ತಡವಾಗಿ, ಒಂದು ಆಂಬ್ಯುಲೆನ್ಸ್ ಅಂಗಳದಲ್ಲಿ. ಒಟಿಯೆನೊನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಏಳನ್ನೂ ಒಂದೊಂದಾಗಿ ತೆಗೆದೆ. ಪ್ರತಿ ಸಲ ಪರದೆಯ ಮೇಲೆ ಪ್ರಶ್ನೆ ಮೂಡಿದಾಗಲೂ ಒತ್ತುವ ಮೊದಲು ಅವನ ಮುಖ ನೋಡಿದೆ.