ಅಪ್ಪ ಬಿಚ್ಚಿಕೊಟ್ಟ ಸೋರೆಬುರುಡೆ

ಇವತ್ತು ಬೆಳಿಗ್ಗೆ ಕೆರೆಯ ದಂಡೆಯಲ್ಲಿ ಒಬ್ಬಾಕೆ, ದೋಣಿಯಲ್ಲಿ ಮೀನಿಗೆ ಹೊರಟ ಗಂಡನ ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿಯುತ್ತಿದ್ದಳು.

ನಾನು ಚಿಕ್ಕವಳಿದ್ದಾಗ, ಈಜು ಬಾರದ ನನ್ನಪ್ಪ ತೆಪ್ಪ ಹತ್ತುವ ಮುನ್ನ, ನೀರಿಗೆ ಬಿದ್ದರೆ ತೇಲಲೆಂದು ಒಣಗಿದ ದೊಡ್ಡ ಸೋರೆಬುರುಡೆಯೊಂದನ್ನು ಹಗ್ಗದಿಂದ ಹೊಟ್ಟೆಗೆ ಕಟ್ಟಿಕೊಳ್ಳುತ್ತಿದ್ದರು. ಒಂದು ದಿನ ಅಮ್ಮನ ತಮ್ಮ ದಂಡೆಯಲ್ಲಿ ನಿಂತು, "ಏನ್ ಭಾವ, ಈಗೆಷ್ಟು ತಿಂಗ್ಳು ನಿಮ್ಗೆ?" ಎಂದ. ನಾನೂ ಜೋರಾಗಿ ನಕ್ಕೆ. ಅಪ್ಪ ನನ್ನನ್ನೇ ನೋಡಿದರು. ಹಗ್ಗ ಬಿಚ್ಚಿ, "ಇಟ್ಕೊಳಮ್ಮ, ಬಂದು ತಗೋತೀನಿ" ಎಂದು ಬುರುಡೆಯನ್ನು ನನ್ನ ಕೈಗೆ ಕೊಟ್ಟರು.

ಕೆರೆಯ ನಡುವೆ ತೆಪ್ಪ ಮಗುಚಿತು. ಮಾವ ಈಜಿಕೊಂಡು ಹೋಗಿ ಹೆಣವನ್ನು ತಂದ.

ಅಮ್ಮ ಸಾಯುವವರೆಗೂ ತಮ್ಮನಿಗೆ ಹೊಸಿಲು ದಾಟಲು ಬಿಡಲಿಲ್ಲ. ನಾನು ನಕ್ಕಿದ್ದನ್ನು ಮಾವ ಯಾರಿಗೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನಾಳೆ ಚಿಂತಾಮಣಿಯ ಮಾವನ ಮನೆಗೆ ಹೋಗಿ, ಅವನ ಮಕ್ಕಳ ಎದುರಿಗೇ ಹೇಳುತ್ತೇನೆ.