ಅಕ್ಕನ ಧ್ವನಿ ನಿಲಂಗಾ ಮುಟ್ಟಿದ್ದು

ಮಹಾರಾಷ್ಟ್ರದ ಗಡಿಯಲ್ಲಿರುವ ಉಮರ್ಗಾದ ನಮ್ಮ ರೇಡಿಯೊ ಮೊದಲು ಪಕ್ಕದ ಮುರುಮದಾಚೆ ಕೇಳುತ್ತಿರಲಿಲ್ಲ. ಹೊಸ ಟವರ್ ಎದ್ದ ಮೇಲೆ ನಿಲಂಗಾದವರೆಗೂ ಸ್ಪಷ್ಟವಾಗಿ ಕೇಳತೊಡಗಿತು. ಉದಗೀರದ ಹತ್ತಿರ ಬಂದು ಬಂದು ಹೋಗುತ್ತಿತ್ತು. ಊರು ಹೆಚ್ಚಾದವು, ಪ್ರಸಾರದ ತಾಸು ಹೆಚ್ಚಾದವು, ಮಾತಾಡುವವರು ಮಾತ್ರ ಹೆಚ್ಚಲಿಲ್ಲ. ಕನ್ನಡದಲ್ಲಿ ಮಾತಾಡುತ್ತಿದ್ದವಳು ಒಬ್ಬಳೇ. ಆಕೆ ಕಾಯಿಲೆ ಬಿದ್ದು ತೀರಿಕೊಂಡು ಏಳು ತಿಂಗಳಾಗಿತ್ತು.

ನಾನು ಆಕೆಯನ್ನು ಅಕ್ಕ ಅನ್ನುತ್ತಿದ್ದೆ. ಮುರುಮದ ಅರಿವೆ ವ್ಯಾಪಾರಿಗಳ ಮನೆಯ ಸೊಸೆ. ಮೈಕಿನ ಮುಂದೆ ಉಸಿರು ಬಿಡುವುದನ್ನು ನನಗೆ ಕಲಿಸಿದವಳು ಅವಳೇ. ‘ಇವತ್ತ ಏನ್ ಅಡಗಿ ಮಾಡೀರಿ?’ ಎಂದು ಕೇಳುಗರನ್ನು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾರೋ ಉತ್ತರ ಕೊಟ್ಟವರಂತೆ ‘ಹೂಂ’ ಅನ್ನುತ್ತಿದ್ದಳು. ಮುದ್ರಣ ಸರಿಪಡಿಸುವಾಗ ಆ ಖಾಲಿ ಜಾಗವನ್ನು ನಾನು ಕತ್ತರಿಸಹೋದರೆ ಕೈ ಹಿಡಿಯುತ್ತಿದ್ದಳು.

ಹಳೆಯ ಧ್ವನಿಮುದ್ರಣಗಳನ್ನೇ ಮತ್ತೆ ಹಾಕುವುದೆಂದು ಕೇಂದ್ರದಲ್ಲಿ ತೀರ್ಮಾನವಾಯಿತು. ಹಬ್ಬ, ಮಳೆ, ಸುಗ್ಗಿ, ಹಳೆಯದೆಂದು ಗೊತ್ತಾಗುವ ಮಾತನ್ನೆಲ್ಲ ತೆಗೆಯುವ ಕೆಲಸ ನನ್ನದು. ಅಕ್ಕ ಇಲ್ಲವೆಂಬುದನ್ನು ಹೊಸ ಊರುಗಳಿಗೆ ತಿಳಿಸೋಣವೇ ಎಂದು ಕೇಂದ್ರದ ಹಿರಿಯರು ಕೇಳಿದಾಗ ಬೇಡ ಅಂದವಳೂ ನಾನೇ. ಬಾಗಿಲು ಮುಚ್ಚಿದ ಕೋಣೆಯಲ್ಲಿ ದಿನವಿಡೀ ಅವಳ ಉಸಿರು, ಕುರ್ಚಿಯ ಕಿರುಗುಟ್ಟು ನನ್ನ ಕಿವಿಯೊಳಗೇ ಇರುತ್ತಿದ್ದವು. ಎಷ್ಟೋ ಸಲ, ಏನು ಅಡುಗೆಯೆಂದು ನಾನೂ ಹೇಳಿಬಿಡುತ್ತಿದ್ದೆ.

ಬೇಸಿಗೆಯ ಒಂದು ಮಧ್ಯಾಹ್ನ, ಧ್ವನಿ ಎಲ್ಲಿಯವರೆಗೆ ಮುಟ್ಟುತ್ತದೆಂದು ನೋಡಲು ಕೇಂದ್ರದ ಕರೆಂಟಿನ ಕಾರು ತೆಗೆದುಕೊಂಡು ಹೊರಟೆ. ನಿಲಂಗಾದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಆಗಿದ್ದ ಸಾರ್ವಜನಿಕ ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಕಾರು ಚಾರ್ಜಿಗೆ ಹಚ್ಚಿದೆ. ತಗಡಿನ ನೆರಳು, ಒಂದು ತಾಸು ಕಾಯಬೇಕು. ಪಕ್ಕದಲ್ಲೂ ಒಂದು ಕಾರು ನಿಂತಿತ್ತು. ಅದರ ತೆರೆದ ಕಿಟಕಿಯಿಂದ ಅಕ್ಕ ಮಾತಾಡುತ್ತಿದ್ದಳು.

“ಇವತ್ತ ಏನ್ ಅಡಗಿ ಮಾಡೀರಿ?”

“ಪುಂಡಿಪಲ್ಯ ಮಾಡೀನಿ, ರೊಟ್ಟಿ ಮಾಡೀನಿ,” ಎಂದಿತು ಹಿಂದಿನ ಸೀಟಿನಲ್ಲಿದ್ದ ಮುದುಕಿಯ ದನಿ.

ಅಕ್ಕ ‘ಹೂಂ’ ಅಂದಳು.

ಇಳಿದು ಹೋಗಿ, ನಾನು ಆ ರೇಡಿಯೊದವಳು ಎಂದೆ. ಮುದುಕಿ ನನ್ನ ಕೈ ಹಿಡಿದುಕೊಂಡಳು. ಅವಳ ತವರು ಭಾಲ್ಕಿ ಕಡೆ. ಕಾರು ಹಚ್ಚಿ ಬಜಾರಿಗೆ ಹೋಗಿದ್ದ ಮಗಳಿಗೆ ಮರಾಠಿ ಅಷ್ಟೇ ಬರುತ್ತದಂತೆ; ಗಂಡ ಹೋದ ಮೇಲೆ ಕನ್ನಡದಲ್ಲಿ ಊಟ ಆಯ್ತೇನು ಎಂದು ಕೇಳಿದವರೇ ಇಲ್ಲವಂತೆ. ರೇಡಿಯೊದಲ್ಲಿ ಮಾತಾಡುವ ಈಕೆಯ ಕೂಡ ಒಮ್ಮೆ ಮಾತಾಡಿಸು ಎಂದು ಬೇಡಿದಳು. ಆಕೆ ಊರಲ್ಲಿಲ್ಲ, ಹೇಳುವುದಿದ್ದರೆ ಫೋನಿನಲ್ಲಿ ಕಳಿಸಿರಿ, ಮುಟ್ಟಿಸುತ್ತೇನೆ ಎಂದು ಸುಳ್ಳು ಹೇಳಿ ನನ್ನ ನಂಬರು ಕೊಟ್ಟೆ.

ವಾರಕ್ಕೆರಡು ಸಲ ಮುದುಕಿಯ ಉತ್ತರ ಬರತೊಡಗಿತು. ಆಮೇಲೆ ನಾನು ಮಾಡಿದ್ದನ್ನು ಯಾರೂ ಮಾಡು ಅಂದಿರಲಿಲ್ಲ. ಆ ಉತ್ತರಗಳನ್ನು ಅಕ್ಕನ ಖಾಲಿ ಜಾಗಗಳಲ್ಲಿ ಕೂಡಿಸಿದೆ. ಅಳತೆ ಸರಿಯಾಗಿ ಕೂತಿತು. ಒಬ್ಬಳು ಕೇಳುತ್ತಾಳೆ, ಇನ್ನೊಬ್ಬಳು ಹೇಳುತ್ತಾಳೆ, ಸತ್ತವಳು ಹೂಂಗುಟ್ಟುತ್ತಾಳೆ. ಅದನ್ನೇ ಪ್ರಸಾರ ಮಾಡಿದೆವು. ದಾಳಿಂಬ ಎಂಬ ಊರಿನಿಂದ ಒಬ್ಬರು ಫೋನು ಮಾಡಿ, ಇಬ್ಬರೂ ಅಕ್ಕತಂಗಿಯರೇನು ಎಂದು ಕೇಳಿದರು. ನಾನು ಹೌದು ಅಂದೆ.

ಹೀಗಿರುವಾಗ ಒಂದು ಮಾತು ನನ್ನ ಕತ್ತರಿಗೆ ತಪ್ಪಿಸಿಕೊಂಡಿತು. ಎಳ್ಳಮವಾಸಿಗೆ ಹೊಲದಲ್ಲಿ ಉಣ್ಣಲು ಭಜ್ಜಿ ಮಾಡಿದಿರಾ ಎಂದು ಅಕ್ಕ ಕೇಳಿಬಿಟ್ಟಳು. ಅದು ಚಳಿಗಾಲದ ಹಬ್ಬ. ಹೊರಗೆ ಉರಿಬಿಸಿಲು. ಮುದುಕಿ ಅದಕ್ಕೂ ಉತ್ತರ ಕಳಿಸಿದಳು, ಭಜ್ಜಿಗೆ ಯಾವ್ಯಾವ ಕಾಳು, ಸೊಪ್ಪು ಹಾಕಿದೆನೆಂದು ಒಂದೂ ಬಿಡದೆ. ಅದನ್ನು ಕೇಳಿ, ಮುದುಕಿಗೆ ಕಾಲದ ಅರಿವೇ ತಪ್ಪಿತೇನೋ ಎಂದು ನನಗೆ ಹೆದರಿಕೆಯಾಯಿತು. ಮರುದಿನವೇ ನಿಲಂಗಾಕ್ಕೆ ಅವಳ ಮನೆಗೆ ಹೋದೆ.

ಅವಳು ನೀರು ಕೊಟ್ಟು ಎದುರಿಗೆ ಕೂತಳು. ನಾನು ಬಾಯಿ ತೆರೆಯುವ ಮೊದಲೇ ಅಂದಳು, “ಬ್ಯಾಸಗ್ಯಾಗ ಎಳ್ಳಮವಾಸಿ ಮಾತ ತಗದಾಳಂದ್ರ, ಆಕಿ ಇಲ್ಲಂತ ನನಗ ತಿಳೀತು ಯವ್ವಾ.”

“ಮತ್ತ ಉತ್ತರ ಯಾಕ ಕಳಿಸಿದ್ರಿ, ಆಯಿ?”

“ಅಷ್ಟ ಪ್ರೀತಿಲಿಂದ ಕೇಳ್ಯಾಳ. ಸುಮ್ಮ ಹ್ಯಾಂಗ ಇರ್ಲಿ?” ನನ್ನ ಕೈಯಿಂದ ಖಾಲಿ ಲೋಟ ತೆಗೆದುಕೊಂಡಳು. “ನೀ ಯಾರ ಮುಂದರ ಹೇಳೀಯೇನು, ಆಕಿ ಹೋಗ್ಯಾಳಂತ?”

ಇಲ್ಲ. ಆಸ್ಪತ್ರೆಯಿಂದ ಸುದ್ದಿ ಬಂದ ದಿನವೂ ನಾನು ಪ್ರಸಾರದ ಕೆಲಸ ಮುಗಿಸಿ, ಯಾರ ಕೂಡವೂ ಮಾತಾಡದೆ ಮನೆಗೆ ಹೋಗಿದ್ದೆ. ಅವಳ ಮುಂದೆ ಮೊದಲ ಸಲ ಹೇಳಿದೆ: “ಅಕ್ಕ ಹೋದಳು.” ಮುದುಕಿ ಸೆರಗಿನಿಂದ ನನ್ನ ಮುಖ ಒರೆಸಿದಳು.

ಆ ವಾರವೇ ರೇಡಿಯೊದಲ್ಲಿ ಸಾವಿನ ಸುದ್ದಿಯನ್ನು ನಾನೇ ಓದಿದೆ, ಇಬ್ಬರ ಮಾತು ಕೂಡಿಸಿ ಹಾಕಿದ್ದಕ್ಕೂ ಕ್ಷಮೆ ಕೇಳಿದೆ. ಹಳೆಯ ಮುದ್ರಣಗಳು ನಿಂತವು. ಈಗ ತಿಂಗಳಿಗೊಮ್ಮೆ ನಿಲಂಗಾಕ್ಕೆ ಹೋಗುತ್ತೇನೆ. ಕಾರು ಚಾರ್ಜಿಗೆ ಹಚ್ಚಿ, ಗಾಜು ಏರಿಸಿ, ಒಳಗೆ ಕೂತು ಮುದುಕಿಯ ಮಾತು ಪ್ರಸಾರಕ್ಕೆಂದು ಮುದ್ರಿಸಿಕೊಳ್ಳುತ್ತೇನೆ. ಸದ್ದು ಬೀಳದಿರಲೆಂದು ಎಸಿ ಹಾಕುವುದಿಲ್ಲ, ಇಬ್ಬರೂ ಬೆವರುತ್ತೇವೆ. ಹೋದ ಸಲ ಅವಳ ಮಗಳೂ ಮುಂದಿನ ಸೀಟಿನಲ್ಲಿ ಕೂತಿದ್ದಳು. ಮುಗಿದ ಮೇಲೆ, ಅವ್ವ ಏನು ಹೇಳಿದಳು ಎಂದು ಮರಾಠಿಯಲ್ಲಿ ಕೇಳಿದಳು. ತವರಿನ ಬಾವಿಯ ಮಾತು ಎಂದು ಅರ್ಧಂಬರ್ಧ ಹೇಳಿದೆ. ಅವಳು ಇನ್ನೊಮ್ಮೆ ಹಾಕು ಅಂದಳು. ಹಾಕಿದೆ.