ಊಟ ಬಿಟ್ಟ ಬಾನಾಡಿ

ಕೋಪರಿಯ ನಮ್ಮ ಗ್ರೌಂಡ್ ಫ್ಲೋರಿನ ಮನೆಯಲ್ಲಿ ತಾಯಿಯಿಲ್ಲದ ಹಕ್ಕಿಮರಿಗಳನ್ನು ಸಾಕಿ ಬಿಡುವ ಕೆಲಸ ಹಚ್ಚಿಕೊಂಡವಳು ನಾನು. ಆದರೆ ಅವುಗಳ ಅಡುಗೆಮನೆಯ ಯಜಮಾನಿಕೆ ನನ್ನ ಗಂಡನದು. ಇವರು ಕಲ್ಯಾಣದಲ್ಲಿ ಉಡುಪಿ ಹೋಟೆಲು ನಡೆಸಿ ನಿವೃತ್ತರಾದವರು. ಎದುರಿಗಿದ್ದವರು ಎಲೆಯಲ್ಲಿ ಅನ್ನ ಬಿಟ್ಟು ಎದ್ದರೆ ಇವರಿಗೆ ಇವತ್ತಿಗೂ ಸಂಕಟವಾಗುತ್ತದೆ.

ನಮ್ಮಲ್ಲಿಗೆ ಬರುವ ಮರಿಗಳಲ್ಲಿ ಅರ್ಧಕ್ಕರ್ಧ ಅನಾಥವೇ ಅಲ್ಲ. ತಾಯಿ ಪಕ್ಕದ ಮರದಲ್ಲಿ ಬಾಯಿ ಬಡಿದುಕೊಳ್ಳುತ್ತಿದ್ದರೂ ಜನ ಕರುಣೆ ಉಕ್ಕಿ ಎತ್ತಿಕೊಂಡು ಬರುತ್ತಾರೆ. ಅಂಥವರನ್ನು ಬೈದು ವಾಪಸ್ ಕಳಿಸುತ್ತೇನೆ. ಈ ಬಾನಾಡಿ ಮರಿ ಹಾಗಲ್ಲ. ಡೊಂಬಿವ್ಲಿಯ ಒಂದು ಹಳೆಯ ಹೌಸಿಂಗ್ ಸೊಸೈಟಿಯಲ್ಲಿ ಗೋಡೆ ಪ್ಲಾಸ್ಟರ್ ಮಾಡುವಾಗ ಗೂಡುಗಳೆಲ್ಲ ಉದುರಿ, ಇದೊಂದೇ ಉಳಿದಿತ್ತು. ಅಲ್ಲಿಯ ಹೆಂಗಸೊಬ್ಬರು ಮಿಠಾಯಿ ಡಬ್ಬಿಯಲ್ಲಿಟ್ಟು ಲೋಕಲ್ ಟ್ರೈನಿನ ಲೇಡೀಸ್ ಡಬ್ಬದ ನೂಕುನುಗ್ಗಲಿನಲ್ಲಿ ಜೋಪಾನವಾಗಿ ತಂದಿದ್ದರು.

ಸಂಜೆ ಹೊತ್ತು ಸ್ಟೇಷನ್ನಿನ ಮೇಲೆ ಗುಂಪಾಗಿ ಕಿರುಚುತ್ತ ಸುತ್ತುವ ಪುಟ್ಟ ಕಪ್ಪು ಹಕ್ಕಿಯೇ ಬಾನಾಡಿ. ಗೂಡು ಬಿಟ್ಟರೆ ಅದು ಬೇರೆಲ್ಲೂ ಕೂರುವುದಿಲ್ಲ. ತಂತಿಯ ಮೇಲೆ ಕೂರಲು ಅದರ ಕಾಲಿಗೆ ಬರುವುದಿಲ್ಲ. ಹಾರುತ್ತಲೇ ಹುಳ ಹಿಡಿದು ತಿನ್ನುತ್ತದೆ, ಹಾರುತ್ತಲೇ ನೀರು ಕುಡಿಯುತ್ತದೆ.

ಬೆಳ್ಳುಳ್ಳಿಯನ್ನೂ ಮುಟ್ಟದ ಇವರು ಚಿಮಟದಲ್ಲಿ ಮಿಡತೆ ಹಿಡಿದು ಅದಕ್ಕೆ ತಿನ್ನಿಸಿದರು. ಮೊದಲ ದಿನ ಪ್ರತಿ ಸಲವೂ ಸ್ನಾನ ಮಾಡಿದರು. ಆಮೇಲೆ ಕೈ ತೊಳೆದುಕೊಂಡರು. ಕೊನೆಗೆ ಅದೂ ಮರೆತುಹೋಗಿ, ನಾನೇ ನೆನಪಿಸಬೇಕಾಯಿತು.

ಗರಿ ಬಲಿಯಿತು. ಮರಿ ಡಬ್ಬಿಯ ತಳಕ್ಕೆ ರೆಕ್ಕೆಗಳನ್ನು ಊರಿ, ದಂಡ ಹೊಡೆಯುವ ಪೈಲ್ವಾನನ ಹಾಗೆ ಮೈಯನ್ನು ಮೇಲೆತ್ತಿ ಹಿಡಿಯತೊಡಗಿತು. ಯಾರು ಹೇಳಿಕೊಟ್ಟರೋ! ನಾವಿಬ್ಬರೂ ಡಬ್ಬಿಯ ಪಕ್ಕ ನೆಲದ ಮೇಲೆ ಕೂತು ನೋಡುತ್ತಿದ್ದೆವು. ಒಂದು ಬೆಳಿಗ್ಗೆ ಅದು ಬಾಯಿ ಮುಚ್ಚಿತು. ಚಿಮಟ ಕಂಡರೆ ಮುಖ ತಿರುಗಿಸಿತು.

ಪಶುವೈದ್ಯೆಗೆ ಫೋನ್ ಮಾಡಿದೆ. ಹಾರುವ ಮುನ್ನ ಈ ಮರಿಗಳು ಮೈ ಹಗುರ ಮಾಡಿಕೊಳ್ಳಲು ತಾವಾಗಿ ಊಟ ಬಿಡುತ್ತವೆ, ಒತ್ತಾಯ ಮಾಡಬೇಡಿ ಎಂದರು. ಆದರೆ ಸಾಯುವ ಮರಿಯೂ ಊಟ ಬಿಡುತ್ತದೆ, ಇದು ಯಾವುದೆಂದು ದೂರದಿಂದ ಹೇಳಲಾರೆ ಎಂದೂ ಸೇರಿಸಿದರು. ರೆಕ್ಕೆ ಬಾಲವನ್ನು ದಾಟಿದ್ದರೆ, ಕಣ್ಣು ಚುರುಕಾಗಿದ್ದರೆ ಬಯಲಿಗೆ ಒಯ್ಯಿರಿ, ಹಾರಿದರೆ ಹಾರಿತು ಎಂದರು. ಇವರು ಇಡೀ ದಿನ ಚಿಮಟ ಹಿಡಿದು ಡಬ್ಬಿಯ ಪಕ್ಕವೇ ಕೂತರು. ಮಾರನೆಯ ಬೆಳಿಗ್ಗೆಯೂ ಅದು ಬಾಯಿ ತೆರೆಯದಾಗ ಚಿಮಟ ಕೆಳಗಿಟ್ಟರು.

"ಉಪವಾಸ ಇಟ್ಟು ಕಳ್ಸುದಾ? ನನ್ನ ಕೈಯಲ್ಲಿ ಆಗುದಿಲ್ಲ ಮಾರಾಯ್ತಿ."

ಆದರೂ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ರಿಕ್ಷಾ ಹತ್ತಿದ್ದು ಇವರೇ. ಘೋಡಬಂದರ್ ರಸ್ತೆಯ ಬಹುಮಹಡಿ ಟವರುಗಳನ್ನು ದಾಟಿ, ಸಮುದ್ರದ ನೀರು ಒಳಬರುವ ಖಾಡಿಯ ಬದಿಯ ಹುಲ್ಲಿನ ಬಯಲಿಗೆ ಹೋದೆವು. ಬಿದ್ದರೆ ಹುಲ್ಲಿನ ಮೇಲೆ ಬೀಳಲಿ ಎಂದು. ಎಸೆಯಬಾರದು, ಅಂಗೈ ಮೇಲೆತ್ತಿ ಸುಮ್ಮನೆ ನಿಲ್ಲಬೇಕು. ಇವರು ನಿಂತರು. ಮರಿ ಅಲ್ಲಾಡಲಿಲ್ಲ. ಆಮೇಲೆ ಅದರ ಮೈಯೆಲ್ಲ ನಡುಗತೊಡಗಿತು. ಅದು ಹೆದರಿದೆ, ವಾಪಸ್ ಹೋಗುವ ಎಂದು ಇವರು ಪಿಸುಗುಟ್ಟಿದರು. ತಡೆಯಿರಿ ಎಂದೆ.

ಅಂಗೈ ಖಾಲಿಯಾಯಿತು. ಕಪ್ಪು ಚೂರೊಂದು ಹುಲ್ಲಿನ ತುದಿಯವರೆಗೂ ಇಳಿಯಿತು, ಬಿತ್ತು ಎಂದುಕೊಂಡೆ, ಬೀಳಲಿಲ್ಲ. ಏರಿತು, ಓರೆಯಾಯಿತು, ಇನ್ನೂ ಏರಿತು. ನಮ್ಮ ಮನೆಯ ಸೀಲಿಂಗ್ ಫ್ಯಾನು ಬಿಟ್ಟು ಮೇಲೆ ಏನನ್ನೂ ಕಾಣದ ಜೀವ ಅದು. ಆಕಾಶ ಹೀಗಿರುತ್ತದೆ ಎಂದು ಅದಕ್ಕೆ ಯಾರೂ ತೋರಿಸಿರಲಿಲ್ಲ. ಒಂದು ಸಲವೂ ಅಭ್ಯಾಸ ಮಾಡದೆ, ಒಂದು ಸಲವೂ ತಪ್ಪದೆ ಹಾರುತ್ತಿತ್ತು. ನಾನು ಸುಲಭಕ್ಕೆ ಕೈ ಮುಗಿಯುವವಳಲ್ಲ. ಅವತ್ತು ಆ ಬಿಸಿಲಿನಲ್ಲಿ ಕೈ ಮುಗಿದು ನಿಂತೆ, ಯಾರಿಗೆಂದು ನನಗೇ ಗೊತ್ತಿಲ್ಲ.

ಮೇಲೆ ಅದು ಥಟ್ಟನೆ ತಿರುಗಿತು. ಸ್ವಲ್ಪ ಮುಂದೆ ಹೋಗಿ ಮತ್ತೆ ತಿರುಗಿತು. ಇವರು ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು.

"ತಿಂತಾ ಉಂಟು," ಎಂದರು. "ನೋಡು, ಅದೇ ಹಿಡಿದು ತಿಂತಾ ಉಂಟು."

ಇವರ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಒರೆಸಿದ್ದರೆ ಹಕ್ಕಿ ತಪ್ಪಿಹೋಗುತ್ತಿತ್ತು.